ಗಡಿಯಾರ ಕಂಬದ ಸುತ್ತ ಎರಡೂವರೆ ದಿನ

ದಾವಣಗೆರೆ ಅಂದ್ರೆ ಹೆಚ್ಚಿನವರಿಗೆ ಹೈವೇ ಬಿಟ್ಟು ಒಳಗೆ ಬಂದು, ಎರಡು ಬೆಣ್ಣೆ ದೋಸೆ ತಿಂದು, ಮತ್ತೆ ಗಾಡಿ ಹತ್ತುವ ಊರು. ಅವ್ವನ ತವರೂರು ಇದೇ ಆದರೂ ನನಗೂ ಇದಕ್ಕಿಂತ ಜಾಸ್ತಿ ಗೊತ್ತಿರಲಿಲ್ಲ. ಮದುವೆಗೋ ಗೃಹಪ್ರವೇಶಕ್ಕೋ ಬಂದರೆ ಕಲ್ಯಾಣ ಮಂಟಪ, ವಿದ್ಯಾನಗರದಲ್ಲಿರುವ ಮಾವನ ಮನೆ, ಬಸ್ ಸ್ಟ್ಯಾಂಡ್, ಅಷ್ಟೇ. ಅವ್ವ ಹುಟ್ಟಿ ಬೆಳೆದ ಹಳೇ ಪೇಟೆಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ಅವ್ವನೂ ಅತ್ತ ಹೋಗಿ ಮೂವತ್ತು ವರ್ಷದ ಮೇಲಾಗಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಫೋನಿನಲ್ಲಿ, 'ಮಂಡಿಪೇಟೆ ಒಂದ್ಸಲ ನೋಡ್ಬೇಕು ಅನ್ಸುತ್ತೆ ಕಣೇ' ಅಂದಳು. ಅವ್ವ ಯಾವತ್ತೂ ಇದು ಬೇಕು, ಅದು ಬೇಕು ಅಂತ ಕೇಳಿದವಳಲ್ಲ. ಅವತ್ತೇ ಟಿಕೆಟ್ ಮಾಡಿದೆ.

ಶುಕ್ರವಾರ

ಮಧ್ಯಾಹ್ನದ ರೈಲು. ಅರಸೀಕೆರೆವರೆಗೂ ತೆಂಗಿನ ತೋಟಗಳು, ಬೀರೂರು ದಾಟಿ ಚಿಕ್ಕಜಾಜೂರು ಬರುವಷ್ಟರಲ್ಲಿ ಬಯಲು. ಮೆಕ್ಕೆಜೋಳ ಕಟಾವು ಮಾಡಿದ ಹೊಲಗಳಲ್ಲಿ ಬರೀ ದಂಟು ನಿಂತಿತ್ತು. ಅವ್ವ ಕಿಟಕಿ ಬಿಟ್ಟು ಕದಲಲಿಲ್ಲ. 'ನಾವು ಸಣ್ಣವರಿದ್ದಾಗ ಇಲ್ಲೆಲ್ಲ ಹತ್ತಿ ಇರ್ತಿತ್ತು, ಬಿಡಿಸೋ ಕಾಲಕ್ಕೆ ಹೊಲ ಬೆಳ್ಳಗೆ ಕಾಣೋದು' ಅಂದಳು.

ಸ್ಟೇಷನ್ನಿಗೆ ಮಾವ ಬಂದಿದ್ದರು. ಅವರಿಗೀಗ ಎಪ್ಪತ್ತನಾಲ್ಕು. ಕಾಟನ್ ಮಿಲ್ಲಿನಲ್ಲಿ ನೂಲುವ ವಿಭಾಗದಲ್ಲಿದ್ದವರು. ರಾತ್ರಿ ಊಟಕ್ಕೆ ಕೂತಾಗ ಮಾವನ ಮಗ ಎರಡು ದಿನದ ಲೆಕ್ಕ ಹಾಕಿಕೊಂಡೇ ಬಂದ. ಹರಿಹರ ಹದಿನಾಲ್ಕೇ ಕಿಲೋಮೀಟರ್, ಹೊಯ್ಸಳರ ಕಾಲದ ಹರಿಹರೇಶ್ವರ ಗುಡಿ ನೋಡಬಹುದು, 1224ರಲ್ಲಿ ಕಟ್ಟಿಸಿದ್ದು, ಆಮೇಲೆ ಸಂತೇಬೆನ್ನೂರಿನ ಪುಷ್ಕರಣಿ, ಟೈಮ್ ಇದ್ದರೆ ಸೂಳೆಕೆರೆ ಅಂದ. ಎಲ್ಲವೂ ನೋಡಲೇಬೇಕಾದ ಜಾಗಗಳೇ, ಅದರಲ್ಲಿ ಎರಡು ಮಾತಿಲ್ಲ. ಅವ್ವ ಮಾತ್ರ ರೊಟ್ಟಿ ಮುರಿಯುತ್ತಾ, 'ನಾನು ಪೇಟೆ ಬಿಟ್ಟು ಎಲ್ಲಿಗೂ ಬರಲ್ಲಪ್ಪ' ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಶನಿವಾರ

ಏಳು ಗಂಟೆಗೆಲ್ಲ ಮನೆ ಬಿಟ್ಟೆವು. ಚಳಿ ಇತ್ತು. ಮೊದಲು ದೋಸೆ. ಯಾವ ಹೋಟೆಲು ಅಂತ ಹೇಳಲ್ಲ, ಯಾಕೆಂದರೆ ದಾವಣಗೆರೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೋಟೆಲ್ ದೊಡ್ಡದು, ಮಾವನಿಗೂ ಅವರ ಮಗನಿಗೂ ಇದೇ ವಿಷಯಕ್ಕೆ ಜಗಳ ಆಗುತ್ತದೆ. ನೀವು ನೋಡಬೇಕಾದ್ದು ಇಷ್ಟು: ಒಲೆ ಕಟ್ಟಿಗೆಯದ್ದಾ? ಹಂಚು ದಪ್ಪ ಇದೆಯಾ? ಬೆಣ್ಣೆ ಬಿಳಿ ಇದೆಯಾ? ಇದ್ದರೆ ಕೂತುಕೊಳ್ಳಿ. ಹಿಟ್ಟಿನಲ್ಲಿ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ರುಬ್ಬಿ ಸೇರಿಸುತ್ತಾರೆ, ಅದಕ್ಕೇ ಮೇಲೆ ಗರಿಗರಿ ಇದ್ದರೂ ಒಳಗೆ ಮೆತ್ತಗೆ ಬರುತ್ತದೆ. ಪಕ್ಕದಲ್ಲಿ ಅರಿಶಿನ ಹಾಕದ ಬಿಳಿ ಆಲೂಗಡ್ಡೆ ಪಲ್ಯ, ನೀರು ನೀರಾದ ಕಾಯಿ ಚಟ್ನಿ. ಸಾಂಬಾರ್ ಕೇಳಬೇಡಿ, ಅದರ ಅಗತ್ಯ ಇಲ್ಲ. ಅವ್ವ ಖಾಲಿ ದೋಸೆ ತಗೊಂಡಳು, ನಾನು ಬೆಣ್ಣೆ ದೋಸೆ. ದೋಸೆ ಮೇಲೆ ಇಟ್ಟ ಬೆಣ್ಣೆ ಮುದ್ದೆ ಕರಗುತ್ತಾ ಅಂಚಿನ ಕಡೆ ಹರಿಯುವುದನ್ನ ನೋಡುತ್ತಾ ಕೂತರೆ ಮಾತಾಡಬೇಕು ಅನ್ನಿಸುವುದಿಲ್ಲ.

ಈ ದೋಸೆ ಹುಟ್ಟಿದ ಕಥೆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. 1928ರಲ್ಲಿ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವ ಹೆಣ್ಣುಮಗಳು ಮಕ್ಕಳನ್ನ ಕಟ್ಟಿಕೊಂಡು ಬಂದು, ಸಾವಳಗಿ ನಾಟಕ ಥಿಯೇಟರ್ ಹತ್ತಿರ ರಾಗಿ ದೋಸೆ ಮಾರಲು ಶುರು ಮಾಡಿದಳಂತೆ. ಆಮೇಲೆ ಅವಳ ಮಕ್ಕಳು ರಾಗಿ ಬಿಟ್ಟು ಅಕ್ಕಿ ಹಿಟ್ಟಿಗೆ ಬಂದರು, ಬೆಣ್ಣೆ ಸೇರಿತು. ನನಗೆ ಈ ಕಥೆಯಲ್ಲಿ ಇಷ್ಟವಾಗುವುದು ನಾಟಕದ ಥಿಯೇಟರ್. ಕಂಪನಿ ನಾಟಕ ನೋಡಲು ಬಂದ ಜನ ಹಸಿದಿರುತ್ತಾರಲ್ವಾ, ಅವರಿಗೆ ಮಾಡಿದ ತಿಂಡಿ ಇದು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು, ಅವರ ಮಗಳು ಚಿಂದೋಡಿ ಲೀಲಾ ಅವರಿಗೆ ಪದ್ಮಶ್ರೀ ಬಂದಿತ್ತು. ಅವ್ವ ಹುಡುಗಿಯಾಗಿದ್ದಾಗ ಅಜ್ಜಿಯ ಸೆರಗು ಹಿಡಿದು ನಾಟಕಕ್ಕೆ ಹೋಗಿ, ಅರ್ಧ ನೋಡಿ ಮಲಗಿಬಿಟ್ಟು, ಉಳಿದ ಕಥೆಯನ್ನ ಬೆಳಗ್ಗೆ ಅಜ್ಜಿಯಿಂದ ಹೇಳಿಸಿಕೊಳ್ಳುತ್ತಿದ್ದಳಂತೆ.

ಅಲ್ಲಿಂದ ಆಟೋ ಹಿಡಿದು ಗಡಿಯಾರ ಕಂಬ. ದಾವಣಗೆರೆಯ ಹಳೇ ಪೇಟೆಗೆ ಇದೇ ನಡು. ಯಾರನ್ನ ದಾರಿ ಕೇಳಿದರೂ 'ಗಡಿಯಾರ ಕಂಬದಿಂದ ಈ ಕಡೆ', 'ಗಡಿಯಾರ ಕಂಬದಿಂದ ಆ ಕಡೆ' ಅಂತಲೇ ಶುರು ಮಾಡುತ್ತಾರೆ. ನಾವು ಹೋದಾಗ ಅಂಗಡಿಗಳು ಒಂದೊಂದೇ ಬಾಗಿಲು ತೆಗೆಯುತ್ತಿದ್ದವು. ಮೆಟ್ಟಿಲಿಗೆ ನೀರು ಹಾಕಿ, ಅಗರಬತ್ತಿ ಹಚ್ಚಿ, ಮೊದಲ ಗಿರಾಕಿಗೆ ಕಾಯುವ ಹೊತ್ತು. ಕೈಗಾಡಿಯವರು ಗಾಡಿ ಮೇಲೇ ಕೂತು ಚಹಾ ಕುಡಿಯುತ್ತಿದ್ದರು. ಅವ್ವ ಕಂಬದ ಹತ್ತಿರ ನಿಂತು ಒಂದು ಸುತ್ತು ತಿರುಗಿದಳು. ಯಾವ ಕಡೆ ಹೋಗಬೇಕು ಅಂತ ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ನಾನು ಮೊಬೈಲ್ ತೆಗೆದೆ. 'ಬೇಡ, ತಡಿ' ಅಂದಳು. ಎರಡು ನಿಮಿಷ ಬಿಟ್ಟು, 'ಬಾ, ಇಲ್ಲೇ' ಅಂತ ಹೊರಟೇಬಿಟ್ಟಳು.

ಮಂಡಿಪೇಟೆ. ಅಜ್ಜ ಇಲ್ಲಿ ಒಂದು ದಲಾಲಿ ಮಂಡಿಯಲ್ಲಿ ಗುಮಾಸ್ತ. ಕಿರ್ದಿ ಬರೆಯೋದು, ಖಾತೆಗೆ ಹತ್ತಿಸೋದು, ಹಮಾಲರ ಕೂಲಿ ಲೆಕ್ಕ ಹಾಕೋದು, ಇದೇ ಕೆಲಸವನ್ನ ನಲವತ್ತು ವರ್ಷ ಮಾಡಿದರು. ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿಗಳು ರಾತ್ರಿಯೇ ಬಂದು ಸಾಲಾಗಿ ನಿಲ್ಲುತ್ತಿದ್ದವಂತೆ, ಜೋಳ, ಶೇಂಗಾ, ಹತ್ತಿ, ಮೆಣಸಿನಕಾಯಿ. ದಲಾಲಿಯೂ ಖರೀದಿದಾರನೂ ಟವೆಲ್ ಕೆಳಗೆ ಕೈ ಕೈ ಹಿಡಿದು, ಬೆರಳು ಒತ್ತಿ ದರ ಮಾತಾಡೋರು, ಪಕ್ಕದಲ್ಲಿ ನಿಂತ ರೈತನಿಗೆ ತನ್ನ ಮಾಲಿನ ದರ ಕೊನೆಗೇ ಗೊತ್ತಾಗೋದು. ಅಜ್ಜನಿಗೆ ಇದು ಸರಿ ಬರುತ್ತಿರಲಿಲ್ಲ, ಮನೆಗೆ ಬಂದು ಬೇಸರ ಮಾಡಿಕೊಳ್ಳೋರು ಅಂತ ಅವ್ವ ಹೇಳಿದಳು. ಚೀಲಕ್ಕೆ ಕೈ ಹಾಕಿ ತೆಗೆದ ಮಾದರಿ ಕಾಳು ಅಜ್ಜನ ಅಂಗಿ ಜೇಬಲ್ಲಿ ಯಾವಾಗಲೂ ಇರ್ತಿತ್ತು, ಬಟ್ಟೆ ಒಗೆಯೋ ಮುಂಚೆ ಅಜ್ಜಿ ಜೇಬು ಒದರಿ ಆ ಕಾಳನ್ನ ಗುಬ್ಬಿಗೆ ಹಾಕೋರಂತೆ.

ದೊಡ್ಡ ವ್ಯಾಪಾರ ಎಲ್ಲ ಈಗ ಎ.ಪಿ.ಎಂ.ಸಿ. ಯಾರ್ಡಿಗೆ ಹೋಗಿದೆ. ಆದರೂ ಪೇಟೆ ಸತ್ತಿಲ್ಲ, ಇದನ್ನ ನಾನು ಗಟ್ಟಿಯಾಗಿ ಹೇಳಬೇಕು. ಹಳೇ ಪೇಟೆ ಅಂದರೆ ಫೋಟೋ ತೆಗೆಯಲು ಬಣ್ಣ ಬಳಿದು ಇಟ್ಟಿರುವ ಜಾಗ ಅಂತ ಅಂದುಕೊಂಡು ಬರಬೇಡಿ. ಇಲ್ಲಿ ಈಗಲೂ ಬೆಲ್ಲದ ಪೆಂಟೆ ಇಳಿಯುತ್ತದೆ, ಹಮಾಲರು ಕೊಕ್ಕೆ ಹಾಕಿ ಚೀಲ ಬೆನ್ನಿಗೆಳೆದುಕೊಂಡು 'ದಾರಿ, ದಾರಿ' ಅಂತ ಕೂಗುತ್ತಾ ಓಡುತ್ತಾರೆ, ಬದಿಗೆ ಸರಿಯಬೇಕಾದವರು ನಾವೇ. ಒಣ ಮೆಣಸಿನಕಾಯಿ ಅಂಗಡಿ ಮುಂದೆ ಹಾದರೆ ಕೆಮ್ಮು ಬರುತ್ತದೆ. ಅದರ ಪಕ್ಕದಲ್ಲಿ ಕೊಬ್ಬರಿ, ಅದರ ಪಕ್ಕದಲ್ಲಿ ಹಗ್ಗ, ಕಣ್ಣಿ, ಎತ್ತಿನ ಕೊರಳ ಗೆಜ್ಜೆ. ಟ್ರ್ಯಾಕ್ಟರ್ ಬಂದ ಮೇಲೂ ಎತ್ತಿನ ಗೆಜ್ಜೆ ಮಾರುವ ಅಂಗಡಿ ಇದೆ ಅಂದರೆ ಕೊಳ್ಳುವವರೂ ಇದ್ದಾರೆ ಅಂತಲೇ ಅರ್ಥ.

ಅಜ್ಜನ ಮಂಡಿ ಇದ್ದ ಕಟ್ಟಡ ಸಿಕ್ಕಿತು. ಈಗ ಅದು ಪ್ಲಾಸ್ಟಿಕ್ ಸಾಮಾನಿನ ಗೋಡೌನ್. ಬಾಗಿಲ ಚೌಕಟ್ಟು ಮಾತ್ರ ಅದೇ, ಕಲ್ಲಿನ ಹೊಸ್ತಿಲು ನಡುವಲ್ಲಿ ತೇದು ಬಟ್ಟಲಿನ ಹಾಗೆ ಗುಣಿ ಬಿದ್ದಿದೆ. ಅವ್ವ ಬಗ್ಗಿ ಆ ಗುಣಿಯಲ್ಲಿ ಕೈಯಿಟ್ಟಳು. ಒಳಗಿದ್ದ ಹುಡುಗ ಬಂದು 'ಏನ್ ಬೇಕ್ರಿ ಅಮ್ಮಾರೆ?' ಅಂದ. 'ಏನಿಲ್ಲಪ್ಪ, ನಮ್ಮಪ್ಪಾಜಿ ಇಲ್ಲಿ ಕೆಲಸ ಮಾಡ್ತಿದ್ರು' ಅಂದಳು. ಅವನು ಒಂದು ಸ್ಟೂಲ್ ತಂದು ಹಾಕಿದ. ಕೂತು ನೀರು ಕುಡಿದು ಬಂದೆವು.

ಈ ಪೇಟೆ ಹೇಗೆ ಬೆಳೆಯಿತು ಅನ್ನುವುದನ್ನ ಒಂದೆರಡು ಮಾತಲ್ಲಿ ಹೇಳಿಬಿಡುತ್ತೇನೆ. ಹೈದರಾಲಿ ಈ ಊರನ್ನ ಅಪ್ಪಾಜಿರಾಮ್ ಅನ್ನುವ ಮರಾಠಾ ಸರದಾರನಿಗೆ ಜಹಗೀರು ಕೊಟ್ಟಿದ್ದ. ಅಪ್ಪಾಜಿರಾಮ್ ವ್ಯಾಪಾರಿಗಳನ್ನ ಕರೆದು ಇಲ್ಲಿ ನೆಲೆ ನಿಲ್ಲಿಸಿದ. ಹೀಗಾಗಿ ಇಲ್ಲಿ ಕೋಟೆ, ಅರಮನೆ ಹುಡುಕಬೇಡಿ. ಪಕ್ಕದ ಚಿತ್ರದುರ್ಗ ನಾಯಕರ ಊರು, ಇದು ವ್ಯಾಪಾರಿಗಳ ಊರು. ರೈಲು ಬಂತು, ಹತ್ತಿ ಜಿನ್ನಿಂಗ್ ಬಂತು, ಮಿಲ್ಲು ಬಂತು. ಬೀದಿ ಹೆಸರುಗಳಲ್ಲೇ ಅದೆಲ್ಲ ಇದೆ: ಮಂಡಿಪೇಟೆ, ಚೌಕಿಪೇಟೆ, ಬಿನ್ನಿ ಕಂಪನಿ ರಸ್ತೆ, ಬಂಬೂ ಬಜಾರ್, ಹೊಂಡದ ವೃತ್ತ, ಹಾಸಬಾವಿ, ಹಗೇದಿಬ್ಬ. ಆಟೋದವರು ಈ ಹೆಸರುಗಳನ್ನ ಕೂಗುವುದನ್ನ ಕೇಳುವುದೇ ಒಂದು ಖುಷಿ.

ಚೌಕಿಪೇಟೆಗೆ ಬರುವಷ್ಟರಲ್ಲಿ ಅವ್ವನ ಚಪ್ಪಲಿ ಉಂಗುಷ್ಟ ಕಿತ್ತುಹೋಯಿತು. ರಸ್ತೆ ಬದಿ ಕೂತಿದ್ದವರೊಬ್ಬರು ಹೊಲಿದು ಕೊಟ್ಟರು, ಹತ್ತು ನಿಮಿಷ. ಅಷ್ಟು ಹೊತ್ತು ಅಲ್ಲೇ ಕಟ್ಟೆ ಮೇಲೆ ಕೂತಿದ್ದರಿಂದ ನನಗೆ ಚೌಕಿಪೇಟೆಯ ಮೇಲಿನ ಮಹಡಿಗಳು ಕಂಡವು. ನಡೆಯುವಾಗ ಕಣ್ಣಿಗೆ ಬೀಳುವುದು ಬರೀ ಬೋರ್ಡುಗಳು, ಸೀರೆ, ನೈಟಿ. ಕೂತು ತಲೆ ಎತ್ತಿದರೆ ಎರಡನೇ ಮಹಡಿಯಲ್ಲಿ ಮರದ ಕಟಕಟೆ, ಕಮಾನಿನ ಕಿಟಕಿ, ಗಾರೆಯಲ್ಲಿ ಮಾಡಿದ ಹೂವು ಬಳ್ಳಿ. ದಯವಿಟ್ಟು ಈ ಪೇಟೆಗೆ ಬಂದರೆ ಒಂದು ಕಡೆ ಕೂತು ಮೇಲೆ ನೋಡಿ.

ಬಕ್ಕೇಶ್ವರನಿಗೆ ಕೈ ಮುಗಿದು ಅವ್ವನ ಮನೆ ಇದ್ದ ಗಲ್ಲಿಗೆ ಹೊರಳಿದೆವು. ಮನೆ ಇರಲಿಲ್ಲ. ಇರಲಿಕ್ಕಿಲ್ಲ ಅಂತ ಮಾವ ಮೊದಲೇ ಹೇಳಿದ್ದರು, ಆದರೂ ಅವ್ವ ನೋಡಬೇಕು ಅಂದಿದ್ದಳು. ಆ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ, ಕೆಳಗೆ ಶಟರ್. ಅಕ್ಕಪಕ್ಕದ ನಾಲ್ಕೈದು ಮನೆಗಳೂ ಹೋಗಿವೆ. ಅವ್ವ ಗೋಡೆಯಿಂದ ಹೆಜ್ಜೆ ಎಣಿಸುತ್ತಾ ಬಾವಿ ಎಲ್ಲಿತ್ತು ಅಂತ ಹುಡುಕಿದಳು. ಸಿಗಲಿಲ್ಲ. ನನಗೆ ಏನು ಹೇಳಬೇಕು ಅಂತ ತಿಳಿಯದೆ ಸುಮ್ನೆ ಅವಳ ಬ್ಯಾಗ್ ಹಿಡಿದು ನಿಂತಿದ್ದೆ.

ಇನ್ನೊಂದು ಕಷ್ಟವನ್ನೂ ಹೇಳಲೇಬೇಕು. ಬೆಳಗಿನಿಂದ ತಿರುಗಿದ್ದೆವು, ಅವ್ವನಿಗೆ ಶುಗರ್ ಇದೆ, ಶೌಚಾಲಯ ಬೇಕಿತ್ತು. ಕೇಳಿದ ಕಡೆಯೆಲ್ಲ ಗಂಡಸರದ್ದೇ ತೋರಿಸಿದರು, ಅದೂ ನೋಡುವ ಹಾಗಿರಲಿಲ್ಲ. ಇಷ್ಟು ಹೆಂಗಸರು ಸೀರೆ ಕೊಳ್ಳಲು ಬರುವ ಪೇಟೆಯಲ್ಲಿ ಅವರಿಗೊಂದು ಜಾಗ ಸಿಗದೆ ಹೋದರೆ ಹೇಗೆ? ನನಗೆ ನಿಜವಾಗಿ ಸಿಟ್ಟು ಬಂತು. ಕೊನೆಗೆ ಒಂದು ಬಳೆ ಅಂಗಡಿಯಲ್ಲಿ ಕೂತಿದ್ದ ಅಮ್ಮ ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಅಂಗಡಿಯನ್ನ ಮಗನಿಗೆ ಬಿಟ್ಟು, 'ಬರ್ರಿ, ಹಿಂದೇ ನಮ್ಮನಿ' ಅಂತ ಕರೆದುಕೊಂಡು ಹೋದರು.

ಎರಡು ಅಂಗಡಿಗಳ ನಡುವೆ ಒಬ್ಬರೇ ನುಸುಳುವಷ್ಟು ಸಂದಿ. ಅದರ ಕೊನೆಗೆ ಒಂದು ತಲೆಬಾಗಿಲು. ಒಳಗೆ ಕಾಲಿಟ್ಟ ಅವ್ವ ಅಲ್ಲೇ ನಿಂತುಬಿಟ್ಟಳು. ಅದು ಮಾಳಿಗೆ ಮನೆ. ಮಣ್ಣಿನ ಗೋಡೆ ಎರಡು ಅಡಿ ದಪ್ಪ, ಪಡಸಾಲೆಯಲ್ಲಿ ನಾಲ್ಕು ಮರದ ಕಂಬ, ಕಂಬದ ತಲೆಗೆ ಕೆತ್ತನೆಯ ಬೋದಿಗೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿದ ಮಾಳಿಗೆ. ನಡುವೆ ಬೆಳಕಿಂಡಿ. ಅದರಿಂದ ಬಿಸಿಲು ಇಳಿದು ನೆಲದ ಮೇಲೆ ಒಂದು ತಟ್ಟೆಯಷ್ಟು ಅಗಲ ಬಿದ್ದಿತ್ತು. 'ನಮ್ಮನೇನೂ ಹಿಂಗೇ ಇತ್ತು' ಅಂದಳು ಅವ್ವ. 'ಆ ಮೂಲೇಲಿ ಬೀಸೋ ಕಲ್ಲು. ಇಲ್ಲಿ ಅಪ್ಪಾಜಿ ಕುಂತು ಲೆಕ್ಕ ಬರೆಯೋರು, ಬಿಸಿಲು ಸರಿದ ಹಾಗೆ ಅವರೂ ಸರೀತಿದ್ರು.' ಆ ಮನೆಯಮ್ಮನಿಗೂ ಅವ್ವನದೇ ವಯಸ್ಸು. ಮಾತಾಡುತ್ತಾ ಇಬ್ಬರೂ ಒಂದೇ ಮುನಿಸಿಪಾಲಿಟಿ ಶಾಲೆಗೆ ಹೋದವರು ಅಂತ ಗೊತ್ತಾಯಿತು, ಎರಡು ಕ್ಲಾಸಿನ ಅಂತರ. ಐದು ನಿಮಿಷಕ್ಕೆ ಅಂತ ಹೋದವರು ಒಂದೂವರೆ ಗಂಟೆ ಕೂತೆವು. ಚಹಾ ಬಂತು, ಅವಲಕ್ಕಿ ಬಂತು. ಮಾಳಿಗೆಗೆ ಪ್ರತಿ ಮಳೆಗಾಲಕ್ಕೂ ಮುಂಚೆ ಮಣ್ಣು ಹಾಕಿಸಬೇಕು, ಹಾಕುವ ಆಳು ಸಿಗಲ್ಲ, ಮಗ ಕೆಡವಿ ಕಟ್ಟೋಣ ಅಂತಾನೆ, ನಾನು ಇರೋತನಕ ಬೇಡ ಅಂದೀನಿ ಅಂತ ಆ ಅಮ್ಮ ಹೇಳಿದರು. ಅವರ ಮಗನದೂ ತಪ್ಪಿಲ್ಲ. ಸೋರುವ ಮನೆಯಲ್ಲಿ ಇರುವವರ ಕಷ್ಟ ಬಂದು ಹೋಗುವ ನನಗೇನು ಗೊತ್ತು? ಆದರೂ ಆ ಬೋದಿಗೆಗಳನ್ನ ಕೈಯಾಡಿಸಿ ನೋಡಿದಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು.

ಊಟಕ್ಕೆ ಖಾನಾವಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಚೆನ್ನಾಗಿತ್ತು.

ಸಂಜೆ ದೊಡ್ಡಪೇಟೆಯ ವಿರಕ್ತ ಮಠ. ಬಸವ ಜಯಂತಿಯನ್ನ ಈಗ ನಾಡಿನ ತುಂಬ ಮಾಡುತ್ತೇವಲ್ವಾ, ಅದನ್ನ ಸಾರ್ವಜನಿಕವಾಗಿ ಮೊದಲು ಮಾಡಿದ್ದು ಇಲ್ಲಿ, 1913ರಲ್ಲಿ. ಮಠದ ಮೃತ್ಯುಂಜಯ ಸ್ವಾಮಿಗಳೂ ಹರ್ಡೇಕರ್ ಮಂಜಪ್ಪನವರೂ ಸೇರಿ ಶುರು ಮಾಡಿದರು. ಮಂಜಪ್ಪನವರು ಬನವಾಸಿಯವರು, ದಾವಣಗೆರೆಗೆ ಬಂದು 1906ರಲ್ಲಿ 'ಧನುರ್ಧಾರಿ' ಅನ್ನುವ ಪತ್ರಿಕೆ ನಡೆಸಿದವರು. ಮಂಡಿಗಳ ಗದ್ದಲದ ಊರಿನಲ್ಲಿ, ಇಷ್ಟು ಇಕ್ಕಟ್ಟಾದ ಬೀದಿಯಲ್ಲಿ ಆ ಕೆಲಸ ಶುರುವಾಯಿತು ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಮಠದಲ್ಲಿ ತಣ್ಣಗಿತ್ತು. ಕಾಲು ಚಾಚಿ ಕೂತೆವು. ಅವ್ವ ಎರಡು ವಚನ ಗುನುಗಿದಳು.

ವಾಪಸ್ ಬರುವಾಗ ಮನೆಗೆ ಒಂದು ಕೆ.ಜಿ. ಬ್ಯಾಡಗಿ ಮೆಣಸಿನಕಾಯಿ ಕೊಂಡೆವು. ಹುಡುಗ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟ, ಸರಿಯಾಗಿ ಒಂದು ಕೆ.ಜಿ. ತೋರಿಸಿತು. 'ಕೊಸರು ಹಾಕಪ್ಪ' ಅಂದಳು ಅವ್ವ. ಅವನಿಗೆ ಅರ್ಥವಾಗಲಿಲ್ಲ. 'ಕೊಸರು ಅಂದ್ರೆ ಏನ್ರಿ?' ಅಂತ ಕೇಳಿದ. ಅಳತೆ ಮುಗಿದ ಮೇಲೆ ಅಂಗಡಿಯವನು ಪ್ರೀತಿಗೆ ಹಾಕುವ ಇನ್ನೊಂದು ಹಿಡಿ. ಅವ್ವ ಅದನ್ನೆಲ್ಲ ಹೇಳಲು ಹೋಗಲಿಲ್ಲ. 'ಇರ್ಲಿ ಬಿಡಪ್ಪ' ಅಂದಳು.

ರಾತ್ರಿಗೆ ಊಟ ಬೇಡವಾಯಿತು, ಮಂಡಕ್ಕಿ ಮಿರ್ಚಿ ತಿಂದೇ ಬಂದಿದ್ದೆವು. ನರ್ಗಿಸ್ ಮಂಡಕ್ಕಿ ಒಂದು ಪೊಟ್ಟಣ, ಖಾರದ್ದು ಒಂದು ಪೊಟ್ಟಣ. ಆಗ ತಾನೇ ಬಾಣಲೆಯಿಂದ ಎತ್ತಿದ ಮಿರ್ಚಿ, ಕಚ್ಚಿದರೆ ಕಣ್ಣಲ್ಲಿ ನೀರು. ತಳ್ಳುಗಾಡಿ ಸುತ್ತ ಆಫೀಸು ಬಿಟ್ಟವರು, ಹಮಾಲರು, ಕಾಲೇಜು ಹುಡುಗಿಯರು, ಎಲ್ಲರೂ ನಿಂತುಕೊಂಡೇ ತಿನ್ನುತ್ತಿದ್ದರು.

ಭಾನುವಾರ

ಮಾವ ತಾವೂ ಬರುತ್ತೇನೆ ಅಂದರು. ಬೆಳಗ್ಗೆ ಆರಕ್ಕೇ ಹೊರಟಿದ್ದು ಮಂಡಕ್ಕಿ ಭಟ್ಟಿಗೆ, ಯಾಕೆಂದರೆ ಬಿಸಿಲೇರಿದ ಮೇಲೆ ಅಲ್ಲಿ ನಿಲ್ಲಲು ಆಗುವುದಿಲ್ಲ. ಹಳೇ ದಾವಣಗೆರೆಯ ಆ ಕಡೆಗೆ ಓಣಿಗೆ ಓಣಿಯೇ ಭಟ್ಟಿಗಳು, ತಗಡಿನ ಚಿಮಣಿಗಳಿಂದ ಹೊಗೆ. ಮಂಡಕ್ಕಿ ಸುಲಭದ ತಿಂಡಿ ಅಂತ ನಾವು ಅಂದುಕೊಂಡಿರುತ್ತೇವೆ. ಭತ್ತ ನೆನೆಸಬೇಕು, ಕುದಿಸಬೇಕು, ಒಣಗಿಸಬೇಕು, ಮಿಲ್ಲಿಗೆ ಹಾಕಿ ಅಕ್ಕಿ ಮಾಡಿಸಬೇಕು, ಆ ಅಕ್ಕಿಗೆ ಉಪ್ಪು ನೀರು ಹಿಡಿಸಿ ಹುರಿಯಬೇಕು, ಕೊನೆಗೆ ಕಾದ ಮರಳಿಗೆ ಹಾಕಿದರೆ ಒಂದು ಕ್ಷಣದಲ್ಲಿ ಅರಳಿ ಮೇಲೆ ಬರುತ್ತದೆ. ಆ ಒಂದು ಕ್ಷಣ ನೋಡಲು ಚೆಂದ. ಆದರೆ ಅದನ್ನ ದಿನಕ್ಕೆ ಹತ್ತು ಗಂಟೆ ಮಾಡುವವರ ಮುಖ ನೋಡಿ. ಬೆಂಕಿಯ ಮುಂದೆ ನಿಂತ ಅಣ್ಣನ ಹುಬ್ಬೆಲ್ಲ ಹೊಟ್ಟಿನ ಧೂಳು. ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಹಿಡಿಯುತ್ತಿದ್ದರು. ನಾವು ಫೋಟೋ ತೆಗೆಯಲಿಲ್ಲ. ಒಂದು ಹಿಡಿ ಬಿಸಿ ಮಂಡಕ್ಕಿ ಕೈಗೆ ಹಾಕಿದರು, ಉಪ್ಪುಪ್ಪಾಗಿ, ಬಾಯಲ್ಲಿಟ್ಟರೆ ಕರಗುವ ಹಾಗೆ. ಅಂಥ ಮಂಡಕ್ಕಿ ನಾನು ಬೆಂಗಳೂರಲ್ಲಿ ತಿಂದಿಲ್ಲ.

ಅಲ್ಲಿಂದ ಹಗೇದಿಬ್ಬ. ಈಗ ಅದೊಂದು ಸರ್ಕಲ್, ಬೈಕು ಆಟೋಗಳ ಗಲಾಟೆ, ದಿಬ್ಬ ಏನೂ ಕಾಣುವುದಿಲ್ಲ. ಆದರೆ ಹೆಸರಲ್ಲಿ ಹಗೇವು ಇದೆ. ಹಗೇವು ಅಂದರೆ ನೆಲದಲ್ಲಿ ತೋಡಿ ಜೋಳ ತುಂಬಿಡುವ ಗುಂಡಿ. ಮಾವ ಸಣ್ಣವರಿದ್ದಾಗ ನೋಡಿದ್ದರಂತೆ. ಗುಂಡಿಯ ಸುತ್ತ ಒಳಗಿನಿಂದ ಹುಲ್ಲು ಒತ್ತಿ, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು, ಆಮೇಲೆ ಕಲ್ಲು ಚಪ್ಪಡಿ, ಅದರ ಮೇಲೆ ಮಣ್ಣು. ವರ್ಷಗಟ್ಟಲೆ ಹುಳ ಬೀಳುತ್ತಿರಲಿಲ್ಲ. 'ತೆಗೆದ ಕೂಡ್ಲೆ ಇಳಿಯಂಗಿಲ್ಲ ನೋಡವ್ವ' ಅಂದರು ಮಾವ ನನಗೆ. 'ಒಳಗೆ ಕೆಟ್ಟ ಗಾಳಿ ಇರುತ್ತೆ. ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು ನೋಡ್ಬೇಕು. ದೀಪ ಆರಿತೋ, ಮನುಷ್ಯನೂ ಆರಿದಂಗೇ.' ಬರಗಾಲ ಕಂಡ ಸೀಮೆ ಇದು. ಊರ ಕಾಳನ್ನ ನೆಲದ ಹೊಟ್ಟೆಯಲ್ಲಿ ಇಟ್ಟು ಕಾಯ್ದ ಜಾಗದ ಮೇಲೆ ನಾವು ಮೂವರೂ ನಿಂತಿದ್ದೆವು, ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲ್ ಕವರ್ ಮಾರುತ್ತಿದ್ದ.

ದುಗ್ಗಮ್ಮನ ಗುಡಿ ಅಲ್ಲಿಗೆ ಹತ್ತಿರ. ದುರ್ಗಾಂಬಿಕೆ ಅಂತ ಬೋರ್ಡಿನಲ್ಲಿದ್ದರೂ ಊರವರ ಬಾಯಲ್ಲಿ ದುಗ್ಗಮ್ಮನೇ. ನಗರದೇವತೆ. ಎರಡು ವರ್ಷಕ್ಕೊಮ್ಮೆ ಜಾತ್ರೆ, ಆಗ ಮದುವೆಯಾಗಿ ಹೊರಗೆ ಹೋದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಅವ್ವ ಬಂದು ಎಷ್ಟು ಜಾತ್ರೆ ಆಯಿತು ಅಂತ ಮಾವ ಕೇಳಲಿಲ್ಲ. ಅವ್ವನೇ ಗರ್ಭಗುಡಿ ಮುಂದೆ ನಿಂತು, 'ತಪ್ಪಾಯ್ತು ತಾಯಿ' ಅಂದಳು. ಉಡಿ ತುಂಬಿಸಿದಳು. ಕುಂಕುಮ ನನ್ನ ಹಣೆಗೂ ಅಗಲವಾಗಿ ಹಚ್ಚಿದಳು.

ಮೆಟ್ಟಿಲ ಮೇಲೆ ಕೂತಾಗ ಮಾವ ಮಿಲ್ಲಿನ ಮಾತು ತೆಗೆದರು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಊರು. ಮೂರು ಪಾಳಿ, ಮೂರು ಕೂಗು. ಗಡಿಯಾರ ಕಂಬ ನೋಡುವ ಮುಂಚೆ ಜನ ಮಿಲ್ಲಿನ ಕೂಗು ಕೇಳಿ ಒಲೆ ಹಚ್ಚೋರು. ಪಾಳಿ ಬಿಟ್ಟಾಗ ಪೇಟೆಗೆ ನೀರು ಹರಿದ ಹಾಗೆ ಜನ ಬರೋರು, ತಲೆ ಮೇಲೆ ಹತ್ತಿಯ ಎಳೆ ಅಂಟಿಕೊಂಡೇ ಇರ್ತಿತ್ತು. ಮಿಲ್ಲಿದ್ದಲ್ಲಿ ಸಂಘ ಇತ್ತು, ಕೆಂಬಾವುಟ ಇತ್ತು, ಕಾರ್ಮಿಕರ ನಡುವಿನಿಂದ ಬಂದ ಪಂಪಾಪತಿಯವರು ಮೂರು ಸಲ ಶಾಸಕರಾದರು. ಆಮೇಲೆ ಒಂದೊಂದೇ ಮಿಲ್ಲು ಬಾಗಿಲು ಹಾಕಿತು. ಮಾವನಿಗೆ ಕೊನೆಯ 3 ತಿಂಗಳ ಪಗಾರ ಬರಲೇ ಇಲ್ಲ. ಅದನ್ನ ಹೇಳುವಾಗ ಅವರಿಗೆ ಸಿಟ್ಟೇನೂ ಇರಲಿಲ್ಲ. ಕೂಗು ನಿಂತ ಮೊದಲ ದಿನ ನಿದ್ದೆ ಬರಲಿಲ್ಲ ಅನ್ನುವಾಗ ಮಾತ್ರ ದನಿ ಸಣ್ಣದಾಯಿತು. ಅವ್ವ ಅಣ್ಣನ ಕೈ ಹಿಡಿದುಕೊಂಡು ಕೂತಿದ್ದಳು. ಅವರಿಬ್ಬರು ಹಾಗೆ ಕೂತಿದ್ದನ್ನ ನಾನು ಮೊದಲ ಸಲ ನೋಡಿದ್ದು.

ಮಧ್ಯಾಹ್ನ ಮತ್ತೆ ಗಡಿಯಾರ ಕಂಬಕ್ಕೆ ಬಂದೆವು. ಭಾನುವಾರದ ಪೇಟೆಯೇ ಬೇರೆ. ದೊಡ್ಡ ಅಂಗಡಿಗಳು ಕೆಲವು ಬಾಗಿಲು ಹಾಕಿದ್ದವು, ಅವುಗಳ ಮುಂದೆ ನೆಲದ ಮೇಲೆ ಹಾಸಿಕೊಂಡು ಕೂತವರದೇ ರಾಜ್ಯ. ಮಕ್ಕಳ ಬಟ್ಟೆ, ಸ್ಟೀಲ್ ಪಾತ್ರೆ, ಕುಡುಗೋಲು, ಚಳ್ಳಕೆರೆ ಕಂಬಳಿ. ಮಾವ ಒಂದು ಕಂಬಳಿ ಬಿಡಿಸಿ, ಅಂಚು ಹಿಡಿದು ಜಗ್ಗಿ, ಮೂಸಿ ನೋಡಿ, 'ಇದು ಅಪ್ಪಟ ಉಣ್ಣೆ' ಅಂದರು. ತಗೊಂಡೆ. ಚುಚ್ಚುತ್ತದೆ, ಆದರೆ ಬೆಚ್ಚಗಿದೆ. ಬಳೆ ಅಂಗಡಿ ಅಮ್ಮ ದೂರದಿಂದಲೇ ಕೈ ಬೀಸಿ ಕರೆದರು, ಅವ್ವನಿಗೆ ಒಂದು ಡಜನ್ ಹಸಿರು ಗಾಜಿನ ಬಳೆ ತೊಡಿಸಿ, ದುಡ್ಡು ಬೇಡವೇ ಬೇಡ ಅಂದರು. ಇಬ್ಬರೂ ಫೋನ್ ನಂಬರ್ ಬರೆದುಕೊಂಡರು. ಮಾಳಿಗೆಗೆ ಮಣ್ಣು ಹಾಕುವ ಇಬ್ಬರು ಮಾವನಿಗೆ ಗೊತ್ತಿದ್ದಾರಂತೆ, ಹರಿಹರದ ಕಡೆ ಹಳ್ಳಿಯವರು. ಕಳಿಸುತ್ತೇನೆ ಅಂದರು.

ರೈಲಿಗೆ ಇನ್ನೂ ಎರಡು ಗಂಟೆ ಇತ್ತು. ಬೆಂಗಳೂರಿಗೆ ಮಂಡಕ್ಕಿ ಒಯ್ಯಬೇಕಿತ್ತು, ಪಕ್ಕದ ಮನೆಯವರಿಗೂ ಸೇರಿಸಿ. ಒಂದು ಗೋಡೆ ಪಕ್ಕ ವಯಸ್ಸಾದ ಹೆಣ್ಣುಮಗಳೊಬ್ಬರು ದೊಡ್ಡ ಚೀಲ ಇಟ್ಟುಕೊಂಡು ಕೂತಿದ್ದರು, ತಕ್ಕಡಿ ಇಲ್ಲ, ಸೇರು ಇತ್ತು. ತುದಿ ತೇದ ಹಳೇ ಸೇರು. ಅವ್ವ ಎಂಟು ಸೇರು ಅಂದಳು. ಆ ಅಮ್ಮ ಸೇರನ್ನ ಚೀಲದಲ್ಲಿ ಮುಳುಗಿಸಿ, ಮೇಲೆ ಗೋಪುರದ ಹಾಗೆ ನಿಲ್ಲುವಷ್ಟು ತುಂಬಿ, 'ಲಾಭ' ಅಂತ ಮೊದಲನೆಯದನ್ನ ಸುರಿದರು. ಒಂದು ಅನ್ನುವ ಬದಲು ಲಾಭ ಅನ್ನುವುದು ರೂಢಿ. ಆಮೇಲೆ ಎರಡು, ಮೂರು, ನಾಲ್ಕು. ಅವ್ವ ಚೀಲದ ಬಾಯಿ ಹಿಡಿದುಕೊಂಡು ಎಣಿಸುತ್ತಿದ್ದಳು. ಎಂಟಾದ ಮೇಲೆ ಚೀಲ ಕಟ್ಟಲು ಹೋದಳು.

'ತಡಿಯವ್ವ, ಕೊಸರು ಬ್ಯಾಡೇನು?' ಅಂತ ಆ ಅಮ್ಮ ಎರಡೂ ಕೈ ತುಂಬ ಮಂಡಕ್ಕಿ ಎತ್ತಿ ಹಾಕಿದರು.